ಉಪಗ್ರಹಕ್ಕೆ ಬೇಕಾಗಿದ್ದ ಅತ್ತೆ

ಮಂಗಳೂರಿನ ಬಿಜೈಯ ನಮ್ಮ ಓಣಿಯಲ್ಲಿ ನಾನು ರಾಕೆಟ್ ಬಿಡುವವನು. ನಾನಾಗಿ ಎಂದೂ ಹಾಗೆ ಹೇಳಿಕೊಂಡವನಲ್ಲ. ಸರಕಾರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಉಳಿದದ್ದನ್ನು ಜನ ತಾವೇ ತುಂಬಿಕೊಳ್ಳುತ್ತಾರೆ. ರಜೆಯಲ್ಲಿ ಊರಿಗೆ ಬಂದು ಭಾನುವಾರ ಇಗರ್ಜಿಯಿಂದ ಹೊರಬೀಳುವಷ್ಟರಲ್ಲಿ ಯಾರಾದರೊಬ್ಬರು ಭುಜ ತಟ್ಟಿ, "ಮುಂದಿನದ್ದು ಯಾವಾಗ ಬಿಡ್ತೀರಿ ಮಾರಾಯ್ರೆ?" ಎಂದು ಕೇಳುತ್ತಾರೆ. ಮುಂದಿನ ರಾಕೆಟ್ ಯಾವಾಗ ಹಾರುತ್ತದೆ ಎಂಬುದನ್ನು ನಾನೂ ಅವರ ಹಾಗೆ ಪೇಪರಿನಲ್ಲೇ ಓದುವವನು. ನನಗೆ ಗೊತ್ತಿರುವುದು ಅದನ್ನು ಕಟ್ಟಿದವರು ಯಾವಾಗ ನಿವೃತ್ತರಾಗುತ್ತಾರೆ ಎಂಬುದು ಮಾತ್ರ.

ನಾನಿರುವುದು ಸಿಬ್ಬಂದಿ ಯೋಜನೆಯ ವಿಭಾಗದಲ್ಲಿ. ಒಂದು ಉಪಗ್ರಹ ಕಾಗದದ ಮೇಲಿನಿಂದ ಆಕಾಶಕ್ಕೆ ಹೋಗಲು ವರ್ಷಗಳು ಬೇಕು. ಶುರು ಮಾಡಿದವರು ಕೊನೆಯ ತನಕ ಇರಬೇಕು, ಇಲ್ಲವಾದರೆ ಅವರ ಕೈಯ ಕೆಲಸ ಕಲಿತ ಇನ್ನೊಬ್ಬರಾದರೂ ಇರಬೇಕು. ಯಾವ ಕೆಲಸಕ್ಕೆ ಎಷ್ಟು ಕೈಗಳಿವೆ, ಮುಂದೆ ಎಷ್ಟು ಬೇಕಾದೀತು, ಹೊಸಬರನ್ನು ಎಲ್ಲಿಂದ ತರುವುದು, ತಂದವರನ್ನು ಹೇಗೆ ಉಳಿಸಿಕೊಳ್ಳುವುದು, ಇದಿಷ್ಟೂ ನನ್ನ ತಲೆನೋವು. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ನನ್ನ ಅಮ್ಮ ಇದನ್ನು ನೆರೆಹೊರೆಯವರಿಗೆ ಚಿಕ್ಕದಾಗಿ ಹೇಳಿ ಮುಗಿಸುತ್ತಾಳೆ: "ಅಲ್ಲಿ ಅವ ಹಾಜರಿ ತೆಗೆಯುವುದು." ಮನೆಯಲ್ಲಿ ನಮ್ಮದು ಕೊಂಕಣಿ. ಆದರೆ ತೀರ್ಪು ಕೊಡುವಾಗ ಅಮ್ಮ ಕನ್ನಡಕ್ಕೆ ಬರುತ್ತಾಳೆ. ಶಾಲೆಯ ಅಭ್ಯಾಸ ಬಿಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ, ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಊರಿಗೆ ಹೊರಡುವ ತಯಾರಿಯಲ್ಲಿದ್ದಾಗ, ಘಟ್ಟದ ಮೇಲಿನ ನಮ್ಮ ಕೇಂದ್ರದಲ್ಲಿ ಹಾರ್ನೆಸ್ ವಿಭಾಗದ ಮುಖ್ಯಸ್ಥರು ನನ್ನ ಕೋಣೆಗೆ ಬಂದು ನಿಂತರು. ಹಾರ್ನೆಸ್ ಎಂದರೆ ಉಪಗ್ರಹದ ಹೊಟ್ಟೆಯೊಳಗಿನ ವಯರುಗಳ ಜಾಲ. ನಮ್ಮ ಮೈಯ ನರಗಳಿದ್ದ ಹಾಗೆ. ಅದರ ಸೂಕ್ಷ್ಮ ಬೆಸುಗೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೈಯಿಂದಲೇ ಹಾಕಬೇಕು. ಒಂದು ಬೆಸುಗೆ ಬಿಟ್ಟುಹೋದರೆ ಮೇಲೆ ಹೋಗಿ ಸರಿಮಾಡುವವರಿಲ್ಲ. ಮುಖ್ಯಸ್ಥರು ಮಾತಿನಲ್ಲಿ ಮಹಾ ಜಿಪುಣರು.

"ಅವಳು ಹೋಗ್ತಾಳಂತೆ," ಎಂದರು.

ಯಾರೆಂದು ಕೇಳಬೇಕಾಗಿರಲಿಲ್ಲ. ಆ ವಿಭಾಗದಲ್ಲಿ ಬೆಸುಗೆಗೆ ಹೆಸರಾಗಿದ್ದವಳು ಒಬ್ಬಳೇ. ಹುಟ್ಟಿದ್ದು ಮಂಗಳೂರಿನ ಶಕ್ತಿನಗರ, ಮದುವೆಯಾಗಿದ್ದು ಕಾಟಿಪಳ್ಳಕ್ಕೆ. ಗಂಡ ಅಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಹೆರಿಗೆ ರಜೆಗೆ ಹೋದವಳು ರಜೆ ಮುಗಿಯುವ ಹೊತ್ತಿಗೆ ರಾಜೀನಾಮೆ ಕಳಿಸಿದ್ದಳು. ಕೇಳಿದರೆ "ಮನೆಯ ಕಾರಣ" ಎಂದಷ್ಟೇ ಉತ್ತರ.

ನನ್ನ ಮೇಲಧಿಕಾರಿಗೆ ಸುದ್ದಿ ಹೋಯಿತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನೀವು ಮಂಗಳೂರಿನವರಲ್ಲವೇ? ಹೇಗೂ ಹಬ್ಬಕ್ಕೆ ಹೋಗುತ್ತಿದ್ದೀರಿ. ಒಂದು ಮಾತು ಆಡಿಕೊಂಡು ಬನ್ನಿ."

ಹಬ್ಬದ ದಿನ ಬಾಳೆಲೆಯ ಮೇಲೆ ಹೊಸ ಅಕ್ಕಿಯ ಪಾಯಸ ಬೀಳುವಾಗಲೇ ನಾನು ಈ ಸಂಗತಿ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅಮ್ಮ ಸೀರೆಯುಟ್ಟು, ಕೊಡೆ ಹಿಡಿದು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಪತ್ರೊಡೆಯ ಡಬ್ಬಿ, ಮಗುವಿಗೊಂದು ಅಂಗಿ.

"ಎಲ್ಲಿಗೆ?" ಎಂದೆ.

"ಕಾಟಿಪಳ್ಳಕ್ಕೆ. ಸಣ್ಣ ಮಗು ಇರುವ ಮನೆಗೆ ನೀನೊಬ್ಬನೇ ಫೈಲು ಹಿಡ್ಕೊಂಡು ಹೋಗ್ತೀಯಾ? ಜಪ್ತಿಗೆ ಬಂದ ಹಾಗೆ ಕಾಣ್ತದೆ."

ನಮ್ಮ ಮಂಗಳೂರಿನ ಲಾಲ್‌ಬಾಗ್‌ನಲ್ಲಿ ಕಾಟಿಪಳ್ಳದ ಬಸ್ಸು ಹತ್ತಿದೆವು. ಕಿಟಕಿಯ ಬಳಿ ಕೂತು ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ದೇಶ, ವಿಜ್ಞಾನ, ಮಹಿಳೆಯರ ಪಾತ್ರ, ಮುಂದಿನ ತಲೆಮಾರು. ತುಟಿ ಅಲ್ಲಾಡುತ್ತಿದ್ದುದನ್ನು ಅಮ್ಮ ಕಂಡುಹಿಡಿದಳು.

"ಯಾರ ಹತ್ತಿರ ಮಾತಾಡ್ತಾ ಇದ್ದಿ?"

"ಅಲ್ಲಿ ಹೇಳ್ಲಿಕ್ಕೆ ಸ್ವಲ್ಪ ತಯಾರಿ."

"ಭಾಷಣವಾ? ಈಗ ಕುಳೂರು ಸೇತುವೆ ಬರ್ತದೆ. ಅದನ್ನು ಅಲ್ಲಿ ಹೊಳೆಗೆ ಹಾಕು."

ಮನೆ ಬಸ್ಸು ನಿಲ್ಲುವಲ್ಲಿಂದ ದೂರವಿರಲಿಲ್ಲ. ಅಂಗಳದಲ್ಲಿ ಬಸಳೆಯ ಚಪ್ಪರ, ಬಾಗಿಲಲ್ಲಿ ಅವಳ ಅತ್ತೆ. ಗಟ್ಟಿ ಮೈಕಟ್ಟಿನ, ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸು. ನಾನು ತುಳುವಿನಲ್ಲಿ ಪರಿಚಯ ಹೇಳಿಕೊಳ್ಳಲು ಹೊರಟೆ. ವರ್ಷಗಟ್ಟಲೆ ಊರ ಹೊರಗಿದ್ದು ನನ್ನ ತುಳು ಎಷ್ಟು ಕೆಟ್ಟಿದೆಯೆಂದರೆ ಕೇಳಿದವರು ಕರುಣೆಯಿಂದ ತಾವೇ ಕನ್ನಡಕ್ಕೆ ಬರುತ್ತಾರೆ. ಆಕೆಯೂ ಬಂದಳು.

"ಆಫೀಸಿನವರಾ? ಬನ್ನಿ, ಕೂತ್ಕೊಳ್ಳಿ. ಅವಳು ಬರುವುದಿಲ್ಲ."

ಮೂರು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಕೂರಬೇಕೋ ಹೊರಡಬೇಕೋ ತಿಳಿಯದೆ ನಾನು ಅರ್ಧ ಬಗ್ಗಿ ನಿಂತೆ. ಅಮ್ಮ ಆಗಲೇ ಕೂತು, ತಾನು ನಿವೃತ್ತ ಟೀಚರೆಂದು ಹೇಳಿ, ಪತ್ರೊಡೆಯ ಡಬ್ಬಿ ತೆರೆದಿದ್ದಳು.

ಮಗುವನ್ನೆತ್ತಿಕೊಂಡು ನಮ್ಮ ಬೆಸುಗೆಯವಳು ಒಳಗಿನಿಂದ ಬಂದಳು. ಕೇಂದ್ರದಲ್ಲಿ ಬಿಳಿ ಕೋಟು, ಟೊಪ್ಪಿ, ಮುಖಕವಚದೊಳಗೆ ಕಣ್ಣು ಮಾತ್ರ ಕಾಣುತ್ತಿದ್ದ ಹುಡುಗಿ. ಇಲ್ಲಿ ಅವಳ ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ. ನಾನು ಗಂಟಲು ಸರಿಮಾಡಿಕೊಂಡು, ಹೊಳೆಗೆ ಹಾಕದೆ ಉಳಿಸಿಕೊಂಡಿದ್ದ ಭಾಷಣದ ತುಂಡೊಂದನ್ನು ತೆಗೆದೆ. "ನೋಡಮ್ಮಾ, ದೇಶದ ದೃಷ್ಟಿಯಿಂದ..." ಎನ್ನುವುದಕ್ಕೂ ಮಗು ಸ್ವರ ತೆಗೆದು ಅಳುವುದಕ್ಕೂ ಸರಿಹೋಯಿತು. ಅಮ್ಮ ಮಗುವನ್ನು ಕೈಗೆ ತೆಗೆದುಕೊಂಡಳು. ಅದು ನನ್ನ ಕಡೆಗೊಮ್ಮೆ ಕೋಪದಿಂದ ನೋಡಿ ಸುಮ್ಮನಾಯಿತು.

"ಸರ್, ಎಂತ ಹೇಳ್ಬೇಡಿ," ಎಂದಳು ಹುಡುಗಿ. "ನನಗೆ ಇಷ್ಟ ಇಲ್ಲ ಅಂತ ಅಲ್ಲ. ಅಲ್ಲಿ ಶಿಶುವಿಹಾರ ಐದು ಗಂಟೆಗೆ ಮುಚ್ತದೆ. ಉಪಗ್ರಹ ಐದು ಗಂಟೆಗೆ ಮುಚ್ಚುವುದಿಲ್ಲ. ಜೋಡಣೆ ಶುರುವಾದ್ರೆ ಏಳಾಗ್ತದೆ, ಎಂಟಾಗ್ತದೆ. ಅರ್ಧ ಬೆಸುಗೆ ಬಿಟ್ಟು ಮಗುವನ್ನು ಕರ್ಕೊಂಡು ಬರ್ಲಿಕ್ಕೆ ಓಡ್ಲಿಕ್ಕಾಗ್ತದಾ? ಗಂಡನಿಗೆ ಇಲ್ಲಿಯ ಕೆಲಸ ಬಿಡ್ಲಿಕ್ಕೆ ಸಾಧ್ಯ ಇಲ್ಲ. ಶಕ್ತಿನಗರದಲ್ಲಿ ನನ್ನ ಅಮ್ಮನಿಗೆ ಹೊಲಿಗೆ ಅಂಗಡಿ ಉಂಟು, ಅವರು ಬರುವ ಹಾಗಿಲ್ಲ. ನೀವೇ ಹೇಳಿ, ನಾನೆಂತ ಮಾಡ್ಬೇಕು?"

ನಮ್ಮ ಯೋಜನೆಯಲ್ಲಿ ಅವಳು ಇನ್ನೂ ಬಹಳ ವರ್ಷ ಇರುವವಳೆಂದು ನಾನು ಲೆಕ್ಕ ಹಿಡಿದಿದ್ದೆ. ಆ ಲೆಕ್ಕದಲ್ಲಿ ಮಗು ಎಲ್ಲೂ ಇರಲಿಲ್ಲ.

ಆಗ ಅಮ್ಮ ಮಗುವಿನ ಕಾಲ್ಬೆರಳು ಸವರುತ್ತ, ಅತ್ತೆಯ ಕಡೆ ನೋಡದೆಯೇ ಕೇಳಿದಳು: "ನೀವು ಯಾಕೆ ಹೋಗ್ಬಾರ್ದು?"

"ಯಾರು? ನಾನಾ?" ಅತ್ತೆ ಎದ್ದೇ ನಿಂತಳು. "ಎಂತ ಟೀಚರ್ ನೀವು ಹೇಳುವುದು? ನಾನು ಸಣ್ಣ ಹುಡುಗಿ ಇರುವಾಗ ಪಣಂಬೂರಿನಲ್ಲಿ ಬಂದರು ಕಟ್ಲಿಕ್ಕೆ ಅಂತ ನಮ್ಮನ್ನು ಎಬ್ಬಿಸಿ ಇಲ್ಲಿ ತಂದು ಕೂರಿಸಿದ್ರು. ಈಗ ನೀವು ರಾಕೆಟಿಗೆ ಅಂತ ಎಬ್ಬಿಸ್ಲಿಕ್ಕೆ ಬಂದದ್ದಾ?"

ನಾನು ಬಾಗಿಲ ಕಡೆ ನೋಡಿದೆ. ಅಮ್ಮ ಮಾತ್ರ ನಕ್ಕಳು. ಆಕೆ ನಕ್ಕದ್ದು ಎಷ್ಟು ಮನಸಾರೆ ಎಂದರೆ ಅತ್ತೆಗೂ ತನ್ನ ಮಾತು ಚೆನ್ನಾಗಿತ್ತೆಂದು ಹೊಳೆದು, ತುಟಿಯ ಅಂಚಿನಲ್ಲಿ ನಗು ಮೂಡಿತು.

"ಅಲ್ಲದೆ, ಆ ಘಟ್ಟದ ಮೇಲೆ ಮೀನು ಉಂಟಾ?" ಎಂದಳು ಅತ್ತೆ ಕೂರುತ್ತ.

"ಉಂಟು," ಎಂದೆ ನಾನು ಆತುರದಿಂದ.

"ಯಾವಾಗ ಹಿಡಿದದ್ದು?"

ನಾನು ಪತ್ರೊಡೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ.

"ಮತ್ತೆ ಇವನಿಗೆ ಅಡುಗೆ ಯಾರು ಮಾಡುವುದು?" ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮಗ ನಮ್ಮ ಗಲಾಟೆಗೆ ಎದ್ದು ಬಂದು ಬಾಗಿಲಿಗೊರಗಿ ನಿಂತಿದ್ದ. "ನನಗೆ ಅಡುಗೆ ಬರ್ತದೆ ಅಮ್ಮ," ಎಂದ ಆಕಳಿಸುತ್ತ. ಅತ್ತೆ ತಿರುಗಿ ಅವನನ್ನು ನೋಡಿದ ರೀತಿ ಕಂಡು ಅವನು ಮತ್ತೆ ಮಲಗುವುದೇ ಒಳ್ಳೆಯದೆಂದು ಒಳಗೆ ಹೋದ.

ಸೋತ ಮುಖದಲ್ಲಿ ನಾನು ಬಸ್ಸಿಗೆ ಕಾದೆ. ಅಮ್ಮ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, "ಕೆಲಸ ಆಯಿತು," ಎಂದಳು.

"ಎಂತ ಆದದ್ದು? ಅವರು ಆಗುವುದಿಲ್ಲ ಅಂದ್ರಲ್ಲ!"

"ಮೀನು ಉಂಟಾ ಅಂತ ಕೇಳಿದ್ರು. ಹೋಗದವರು ಹಾಗೆ ಕೇಳುವುದಿಲ್ಲ."

ನಾನು ಕೇಂದ್ರಕ್ಕೆ ಮರಳಿದ ಮೇಲೆ ಅಮ್ಮ ನನಗೆ ಹೇಳದೆ ಮತ್ತೆ ಮತ್ತೆ ಕಾಟಿಪಳ್ಳಕ್ಕೆ ಹೋದಳೆಂಬುದು ಆಮೇಲೆ ತಿಳಿಯಿತು. ಒಮ್ಮೆ ಬಸಳೆ ತರಲು, ಒಮ್ಮೆ ಉಪ್ಪಿನಕಾಯಿ ಕೊಡಲು. ಇಬ್ಬರೂ ಸೇರಿ ಒಂದು ದಿನ ಸುರತ್ಕಲ್ ಪೇಟೆ ಸುತ್ತಿದರಂತೆ. ನಂತರ ಫೋನಿನಲ್ಲಿ ಅತ್ತೆಯ ಷರತ್ತುಗಳು ಒಂದೊಂದಾಗಿ ಬಂದವು. ಮನೆ ನೆಲಮಹಡಿಯಲ್ಲೇ ಬೇಕು. ಬಸಳೆಗೆ ಸ್ವಲ್ಪ ಮಣ್ಣು ಬೇಕು. ಮಗ ವಾರ ಬಿಟ್ಟು ವಾರ ಮೀನು ತರಬೇಕು. ಶಿಶುವಿಹಾರದ ಹೊತ್ತು ಬದಲಾಗಲೇಬೇಕು. "ನಾನು ಅಜ್ಜಿ, ಶಿಶುವಿಹಾರ ಅಲ್ಲ" ಎಂದಿದ್ದಳಂತೆ.

ಇವನ್ನು ಸರಕಾರಿ ಭಾಷೆಗೆ ಇಳಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಬಸಳೆಯ ಮಣ್ಣು "ನೆಲಮಹಡಿ ವಸತಿಯ ಆದ್ಯತೆ" ಆಯಿತು. ಮೀನನ್ನು ಯಾವ ನಿಯಮದಡಿಯಲ್ಲೂ ತರಲಾಗದೆ ಬಿಟ್ಟೆ. ಶಿಶುವಿಹಾರದ ಫೈಲು ಮಾತ್ರ ಎಲ್ಲ ಮೇಜುಗಳಿಗೂ ಹೋಗಿ, ಪ್ರತಿ ಮೇಜಿನಿಂದಲೂ ಒಂದು ಪ್ರಶ್ನೆ ಹೊತ್ತು ಮರಳುತ್ತಿತ್ತು. ಸಂಜೆ ಐದರ ನಂತರ ಮಗುವನ್ನು ಬಿಡುವ ತಾಯಂದಿರು ಎಷ್ಟು ಮಂದಿ ಎಂದು ಒಬ್ಬರು ಕೇಳಿದರು. ಐದಕ್ಕೆ ಮುಚ್ಚುವ ಕಡೆ ಐದರ ನಂತರ ಬಿಡುವವರು ಹೇಗೆ ಸಿಗುತ್ತಾರೆಂದು ನಾನು ಉತ್ತರಿಸಿದೆ. ಕೊನೆಗೆ ಮೇಲಧಿಕಾರಿಯವರೇ ಫೈಲನ್ನು ಕೈಯಲ್ಲಿ ಹಿಡಿದು ಸಹಿ ಮಾಡಿಸಿಕೊಂಡು ಬಂದರು. ಜೋಡಣೆ ನಡೆಯುವ ದಿನಗಳಲ್ಲಿ ರಾತ್ರಿ ಎಂಟರ ತನಕ ತೆರೆದಿರಬೇಕೆಂದು ಆಯಿತು. ಮೊದಲ ಸಂಜೆ ಮಕ್ಕಳನ್ನು ಎತ್ತಿಕೊಂಡು ಬಂದವರಲ್ಲಿ ಹೆಚ್ಚಿನವರು ಅಪ್ಪಂದಿರಾಗಿದ್ದರು. ಇದನ್ನು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ.

ರಾಜೀನಾಮೆ ಹಿಂದಕ್ಕೆ ಪಡೆದು ಅವಳು ಬಂದಳು. ಹೊಸಬರಿಬ್ಬರಿಗೆ ಕೆಲಸ ಕಲಿಸಲೂ ಒಪ್ಪಿದಳು. ಅತ್ತೆ ಬಸಳೆಯ ಕಡ್ಡಿ ಹಿಡಿದುಕೊಂಡೇ ಬಸ್ಸಿಳಿದಳು. ಮೊದಲ ದಿನಗಳಲ್ಲಿ ಆಕೆಗೆ ಅಲ್ಲಿಯ ನೀರಿಗೆ ರುಚಿಯಿರಲಿಲ್ಲ, ತೆಂಗಿನಕಾಯಿಗೆ ಪರಿಮಳವಿರಲಿಲ್ಲ, ಜನಕ್ಕೆ ಮಾತು ಬರುತ್ತಿರಲಿಲ್ಲ. ಆಮೇಲೆ ಬಸಳೆ ಚಿಗುರಿತು, ಆಕೆಯೂ ಚಿಗುರಿದಳು. ಸಂಜೆ ಅಂಗಳದಲ್ಲಿ ಕಾಲೋನಿಯ ಮಕ್ಕಳೆಲ್ಲ ಆಕೆಯ ಸುತ್ತ. ಒಂದು ದಿನ ಒಡಿಶಾದ ಎಂಜಿನಿಯರೊಬ್ಬರು ಕಳವಳದಿಂದ ನನ್ನ ಹತ್ತಿರ ಬಂದರು. ಅವರ ಮಗ ಊಟದ ಹೊತ್ತಿಗೆ ಮನೆಯವರನ್ನೆಲ್ಲ "ಬಲೆ, ಒಣಸ್ ಮಲ್ಪುಗ" ಎಂದು ಕರೆಯುತ್ತಿದ್ದಾನಂತೆ. ಇದು ಯಾವ ಭಾಷೆ, ಶಾಲೆಯಲ್ಲಿ ಕಲಿಸುತ್ತಾರೆಯೇ ಎಂದು ಕೇಳಿದರು. ಊಟಕ್ಕೆ ಕರೆಯುವ ತುಳು, ಭಯಪಡಬೇಕಾದ್ದೇನಿಲ್ಲ ಎಂದು ಸಮಾಧಾನ ಮಾಡಿ ಕಳಿಸಿದೆ.

ಎಲ್ಲ ಸರಿಹೋಯಿತೆಂದು ನಾನು ನಿರಾಳವಾಗಿರುವಾಗ ಅತ್ತೆ ಒಂದು ಸಂಜೆ ಕೊಡೆ ಹಿಡಿದು ನನ್ನ ಮನೆಯ ಗೇಟಿನಲ್ಲಿ ನಿಂತಳು.

"ಸರ್, ನಾನು ಬಿಡ್ತೇನೆ. ಊರಿಗೆ ಹೋಗ್ತೇನೆ."

ಉಪಗ್ರಹ ಆಗ ಪರೀಕ್ಷೆಗಳ ನಡುವೆ ಇತ್ತು. "ಎಂತ ಆಯ್ತು ಅಮ್ಮ? ಇಲ್ಲಿ ಯಾರಾದರೂ ಏನಾದರೂ ಹೇಳಿದ್ರಾ?"

"ಯಾರೂ ಎಂತದ್ದೂ ಹೇಳ್ಲಿಲ್ಲ. ನನ್ನ ಮಗ ದಪ್ಪ ಆಗಿದ್ದಾನೆ."

"ಒಳ್ಳೆಯದೇ ಅಲ್ವಾ?"

"ಎಂತ ಒಳ್ಳೆಯದು! ನಾನಿರುವಾಗ ಕಡ್ಡಿಯ ಹಾಗೆ ಇದ್ದ. ನಾನಿಲ್ಲದೆ ದಪ್ಪ ಆಗಿದ್ದಾನೆ. ಮೊನ್ನೆ ಬಂದವ ನನ್ನ ಸಾರು ಉಂಡು, 'ಸ್ವಲ್ಪ ಹುಳಿ ಹೆಚ್ಚಾಯ್ತು ಅಮ್ಮ' ಅಂತ ಹೇಳಿದ. ನನಗೆ! ಅವನು ಆ ಅಡುಗೆಕೋಣೆಯಲ್ಲಿ ಎಂತ ಮಾಡ್ತಾನೆ ಅಂತ ನಾನೊಮ್ಮೆ ನೋಡ್ಲೇಬೇಕು."

ಆಕೆಯ ಕಣ್ಣಿನಲ್ಲಿ ನೀರಿತ್ತು. ನಗು ಬಂದದ್ದನ್ನು ನುಂಗಿಕೊಂಡೆ. ಆಮೇಲೆ ನಗು ತಾನಾಗಿಯೇ ಹೋಯಿತು, ಏಕೆಂದರೆ ಆಕೆ ಹೇಳುತ್ತಿದ್ದುದು ತಮಾಷೆಯ ಸಂಗತಿಯಾಗಿರಲಿಲ್ಲ. ಅಷ್ಟು ವರ್ಷ ತನ್ನಿಂದಲೇ ನಡೆಯುತ್ತಿದೆ ಎಂದುಕೊಂಡಿದ್ದ ಮನೆ ತಾನಿಲ್ಲದೆಯೂ ನಡೆಯುತ್ತಿದೆಯೆಂಬುದು ಆಕೆಗೆ ನೋವು ತಂದಿತ್ತು. ನಮ್ಮಲ್ಲಿ ನಿವೃತ್ತಿಯ ಅಂಚಿಗೆ ಬಂದ ದೊಡ್ಡ ದೊಡ್ಡ ವಿಜ್ಞಾನಿಗಳ ಮುಖದಲ್ಲಿ ನಾನು ಇದೇ ನೋವನ್ನು ಕಂಡಿದ್ದೇನೆ.

ಯಾವುದೇ ಮುಖ್ಯ ಕೆಲಸ ಒಬ್ಬರ ಮೇಲೆಯೇ ನಿಂತಿರಬಾರದು, ಬದಲಿಯಾಗಿ ಇನ್ನೊಬ್ಬರು ತಯಾರಿರಬೇಕು ಎಂದು ನಾನು ಎಲ್ಲ ವಿಭಾಗಗಳಿಗೂ ಉಪದೇಶ ಮಾಡುವವನು. ಆದರೆ ಅತ್ತೆಗೆ ಬದಲಿ ಯಾರೆಂದು ಯೋಚಿಸಿಯೇ ಇರಲಿಲ್ಲ. ಬಿಜೈಗೆ ಫೋನು ಮಾಡಿದೆ. ಅಮ್ಮ ತಮ್ಮನ ಸಂಸಾರದೊಂದಿಗೆ ಇರುವವಳು. ನನ್ನಲ್ಲಿಗೆ ಬಾ ಎಂದು ಕರೆದಾಗಲೆಲ್ಲ ಅವಳಿಗೆ ಗಾಯನ ಮಂಡಳಿಯ ಅಭ್ಯಾಸವೋ, ಓಣಿಯ ಮಕ್ಕಳ ಪಾಠವೋ ಅಡ್ಡ ಬರುತ್ತಿತ್ತು.

"ನಿನಗಾದ್ರೆ ಬರ್ಲಿಕ್ಕಾಗುವುದಿಲ್ಲ," ಎಂದಳು. "ಉಪಗ್ರಹಕ್ಕಾದ್ರೆ ಬರ್ತೇನೆ."

ಅತ್ತೆ ಅತ್ತ ಹೊರಟಳು, ಅಮ್ಮ ಇತ್ತ ಬಂದಳು. ಅಂಗಳದ ಮಕ್ಕಳನ್ನು ಮೊದಲ ದಿನವೇ ಸಾಲಾಗಿ ನಿಲ್ಲಿಸಿ ಕೈ ತೊಳೆಯಿಸಿದಳು. ಕಾಟಿಪಳ್ಳದಿಂದ ದಿನವೂ ಫೋನು ಬರುತ್ತಿತ್ತು. ಮಗ ಅಡುಗೆಕೋಣೆಯನ್ನು ಚೊಕ್ಕವಾಗಿಟ್ಟಿದ್ದಾನೆ, ಬೈಯಲು ಎಂತದ್ದೂ ಸಿಗುವುದಿಲ್ಲ, ಸಾರು ನಿಜಕ್ಕೂ ಚೆನ್ನಾಗಿದೆ ಎಂದು ಅತ್ತೆ ದುಃಖ ತೋಡಿಕೊಳ್ಳುತ್ತಿದ್ದಳು. "ಮತ್ತೆ ನಾನು ಇಲ್ಲಿ ಎಂತ ಮಾಡುವುದು ಟೀಚರ್?" ಎಂದು ಕೇಳಿದರೆ ಅಮ್ಮ, "ತಿಂದು ಮಲಗಿ," ಎನ್ನುತ್ತಿದ್ದಳು. ಒಂದು ತಿಂಗಳು ಆಗುತ್ತ ಬಂದಿತ್ತು. ಮಗು ನೀರು ಬೇಕಾದಾಗ "ಉದಕ್" ಎಂದು ಕೊಂಕಣಿಯಲ್ಲಿ ಕೇಳಿತೆಂದು ಅಮ್ಮ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಳು. ಮರುದಿನವೇ ಅತ್ತೆ ಬಸ್ಸು ಹತ್ತಿದಳು.

ಈ ಮಧ್ಯೆ ನಮ್ಮ ಬೆಸುಗೆಯವಳು ತಯಾರು ಮಾಡಿದ ಇಬ್ಬರಲ್ಲಿ ಒಬ್ಬ, ಕೈ ಪಳಗಿದ ಕೂಡಲೇ, ಖಾಸಗಿ ಕಂಪನಿಗೆ ಹೋದ. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಾನು ಕಲಿಸುವುದು, ಅವರು ಹಾರುವುದು. ಉಪಗ್ರಹಕ್ಕಿಂತ ಮೊದಲು ಇವರೇ ಹಾರ್ತಾರೆ ಸರ್!" ಎಂದಳು. ಉಳಿದವಳು ತಮಿಳುನಾಡಿನ ಒಬ್ಬ ಹುಡುಗಿ. ಹೆಚ್ಚು ಮಾತಿಲ್ಲ, ಬೇಗ ಮುಖ ಬಾಡಿಸಿಕೊಳ್ಳುವವಳು. ಅವಳು ಕೂಡ ಹೋಗುತ್ತಾಳೆಂದೇ ನಾನು ಎಣಿಸಿದ್ದೆ.

ಕೊನೆಗೆ ಉಪಗ್ರಹ ನಮ್ಮ ಕೇಂದ್ರದಿಂದ ಉಡಾವಣೆಯ ಜಾಗಕ್ಕೆ ಹೊರಟಿತು. ಉಡಾವಣೆ ಬೇಸಿಗೆಯ ಒಂದು ಹಗಲು. ಹಾರ್ನೆಸ್‌ನವರ ಕೆಲಸ ಅಷ್ಟರಲ್ಲಿ ಮುಗಿದಿದ್ದರಿಂದ ಅವಳು ರಜೆಯಲ್ಲಿ ಕಾಟಿಪಳ್ಳದಲ್ಲಿದ್ದಳು, ನಾನೂ ಬಿಜೈಯಲ್ಲಿದ್ದೆ. ಟಿ.ವಿ.ಯಲ್ಲಿ ಒಟ್ಟಿಗೆ ನೋಡಬೇಕೆಂದು ಅತ್ತೆಯ ಅಪ್ಪಣೆ. ಅಮ್ಮನೂ ನಾನೂ ಹೋದಾಗ ಅಂಗಳದ ತುಂಬ ಚಪ್ಪಲಿಗಳು. ಅಕ್ಕಪಕ್ಕದ ಮನೆಯವರೆಲ್ಲ ಬಂದು ಚಾಪೆಯ ಮೇಲೆ ಕೂತಿದ್ದರು. ಗಂಡ ಎಲ್ಲರಿಗೂ ಮಜ್ಜಿಗೆ ಹಂಚುತ್ತಿದ್ದ. ಅವನು ನಿಜವಾಗಿಯೂ ದಪ್ಪಗಾಗಿದ್ದ.

ರಾಕೆಟ್ ಏಳುವಾಗ ಮನೆಯೆಲ್ಲ ಚಪ್ಪಾಳೆ. ಅತ್ತೆ ಕೈಮುಗಿದಳು. ನಮ್ಮ ಬೆಸುಗೆಯವಳು ಮಾತ್ರ ಅಲ್ಲಿರಲಿಲ್ಲ. ಹುಡುಕಿದರೆ ಹಿಂದಿನ ಬಾಗಿಲ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಕೂತು ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು.

"ಹಾರಿತು, ಬಾ!" ಎಂದೆ.

"ಹಾರುವುದು ನನ್ನ ಕೆಲಸ ಅಲ್ಲ ಸರ್. ಮೇಲೆ ಹೋಗಿ ರೆಕ್ಕೆ ಬಿಚ್ಚಿ ಮಾತಾಡ್ಬೇಕು. ಆಗ ಹೇಳಿ."

ಜನ ಮಜ್ಜಿಗೆ ಕುಡಿದು ಒಬ್ಬೊಬ್ಬರಾಗಿ ಎದ್ದರು. ನಾನು ಟಿ.ವಿ. ಮುಂದೆ ಉಗುರು ಕಚ್ಚುತ್ತ ಕೂತೆ. ಸೌರಫಲಕಗಳು ಬಿಚ್ಚಿಕೊಂಡಿವೆ, ಸಂಕೇತ ಸರಿಯಾಗಿ ಬರುತ್ತಿದೆ ಎಂಬ ಸುದ್ದಿ ಕೊನೆಗೂ ಬಂತು. ನಾನು ಹಿಂದಿನ ಬಾಗಿಲಿಗೆ ಓಡಿದೆ. ಅವಳಿಗೆ ಆಗಲೇ ಫೋನು ಬಂದಿತ್ತು. ಎಂಜಲು ಕೈಯನ್ನು ದೂರ ಹಿಡಿದು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ನಗುತ್ತಲೂ ಕಣ್ಣೊರೆಸುತ್ತಲೂ ಇದ್ದಳು. ಆ ಕಡೆ ತಮಿಳುನಾಡಿನ ಹುಡುಗಿ ಬಿಕ್ಕಿ ಬಿಕ್ಕಿ ಅಳುವುದು ನನಗೂ ಕೇಳುತ್ತಿತ್ತು.

"ಅಳ್ಬೇಡ ಮಾರಾಯ್ತಿ, ಎಲ್ಲ ಸರಿ ಉಂಟಲ್ಲ. ಹಾಂ, ಆ ಮೂಲೆಯ ಬೆಸುಗೆ ನಿನ್ನದೇ. ನನಗೆ ಗೊತ್ತುಂಟು."

ಫೋನಿಟ್ಟು ನನ್ನ ಕಡೆ ತಿರುಗಿದಳು. "ಸರ್, ಒಂದು ಹೇಳ್ಲಿಕ್ಕುಂಟು. ಇವಳನ್ನು ಬೇರೆ ಸೆಕ್ಷನ್‌ಗೆ ಹಾಕ್ತಾರಂತೆ. ಅದಕ್ಕೇ ಅವಳು ಬೇರೆ ಕಡೆ ಅರ್ಜಿ ಹಾಕ್ಲಿಕ್ಕೆ ಹೊರಟದ್ದು. ನಿಮಗೆ ಗೊತ್ತುಂಟಾ?"

ನನಗೆ ಗೊತ್ತಿತ್ತು. ಆ ವರ್ಗಾವಣೆಯನ್ನು ಸೂಚಿಸಿದವನೇ ನಾನು. ಇನ್ನೊಂದು ವಿಭಾಗದಲ್ಲಿ ಜನ ಕಡಿಮೆಯಿದ್ದರು.

"ನೋಡುವ," ಎಂದೆ.

"ನೋಡುವ ಅಲ್ಲ ಸರ್. ಅವಳು ಇಲ್ಲೇ ಇರ್ಲಿ."

ಒಳಗಿನಿಂದ ಅತ್ತೆ, ಊಟಕ್ಕೆ ಎಲೆ ಹಾಕಿದೆ, ಬನ್ನಿ ಎಂದು ಕೂಗಿದಳು. ನಾನು ಮೆಟ್ಟಿಲಲ್ಲೇ ನಿಂತು ಕಚೇರಿಯಲ್ಲಿದ್ದ ಸಹೋದ್ಯೋಗಿಗೆ ಫೋನು ಮಾಡಿ, ಆ ವರ್ಗಾವಣೆಯನ್ನು ತಡೆಹಿಡಿಯಲು ಹೇಳಿ, ಆಮೇಲೆ ಕೈ ತೊಳೆದೆ.